ರತ್ನಾಕರವರ್ಣಿ: ಭೋಗದೊಳಗಣ ಯೋಗ

ಹದಿನಾರನೆಯ ಶತಮಾನದ ರತ್ನಾಕರವರ್ಣಿ ಮೂಡುಬಿದಿರೆಯವನು. 1557ರಲ್ಲಿ ‘ತ್ರಿಲೋಕಶತಕ’ವನ್ನು ರಚಿಸಿದನು. ರಾಜಕುಮಾರಿಯೊಡನೆ ಪ್ರಣಯ, ವೀರಶೈವ ಸ್ವೀಕಾರ, ಮರಳಿ ಜೈನನಾದುದು ಇವೆಲ್ಲ ದೇವಚಂದ್ರನ ‘ರಾಜಾವಳೀ ಕಥೆ’ಯ ಐತಿಹ್ಯಗಳು, ಚರಿತ್ರೆಯೆನ್ನಲು ಆಧಾರ ಸಾಲದು. ‘ವರ್ಣಿ’ಯೆಂದರೆ ಬ್ರಹ್ಮಚಾರಿ. ಅಂತಹವನೇ ಗೃಹಸ್ಥಸುಖದ ಮಹಾಕಾವ್ಯವನ್ನು ಸಾಂಗತ್ಯದಲ್ಲಿ ಹಾಡಿದುದು ಸೋಜಿಗ! ಪಂಪನ ‘ಆದಿಪುರಾಣ’ದಲ್ಲಿ ಬಾಹುಬಲಿಯೊಡನೆ ಕಾದಿ ಸೋಲುವ ಭರತನು ‘ಭರತೇಶ ವೈಭವ’ದಲ್ಲಿ ತಮ್ಮನನ್ನು ಮೃದುವಚನದಿಂದಲೇ ಗೆಲ್ಲುತ್ತಾನೆ, 96,000 ಮಡದಿಯರ ನಡುವೆಯೂ ಆತ್ಮಧ್ಯಾನ ಬಿಡನು. ಕಡೆಗೆ ದೀಕ್ಷೆ ವಹಿಸಿದೊಡನೆ ಅವನಿಗೆ ಕೇವಲಜ್ಞಾನ ಲಭಿಸುತ್ತದೆ. ಕವಿ ತ್ಯಾಗವನ್ನು ಅಲ್ಲಗಳೆಯಲಿಲ್ಲ. ಸಾಧನೆಯ ಮೊದಲಿನಿಂದ ತುದಿಗೆ ಸರಿಸಿದನು. ಶಾಸ್ತ್ರವಿರೋಧದ ನೆಪದಲ್ಲಿ ಗುರುಗಳು ಕಾವ್ಯದ ಆನೆಮೆರವಣಿಗೆಯನ್ನು ತಡೆದರೆಂಬ ಐತಿಹ್ಯ ಹುಟ್ಟಿದುದು ಈ ಸ್ಥಾನಪಲ್ಲಟದಿಂದಲೇ ಇರಬಹುದು.