ಸಿಸಿಲಿ ಸಾಂಡರ್ಸಳ ಚರಿತ್ರೆ

ಸಿಸಿಲಿ ಸಾಂಡರ್ಸ್ ಎಂಬಾಕೆಯು 1918ರಲ್ಲಿ ಇಂಗ್ಲೆಂಡಿನ ಬಾರ್ನೆಟ್ ಎಂಬ ಊರಲ್ಲಿ ಹುಟ್ಟಿ, ದಾದಿಯ ವಿದ್ಯೆಯನ್ನು ಕಲಿತಳು. ಬೆನ್ನುನೋವಿನ ದೆಸೆಯಿಂದ ಆ ಕೆಲಸವನ್ನು ಬಿಟ್ಟು, ಆಸ್ಪತ್ರೆಯಲ್ಲಿ ರೋಗಿಗಳ ಮನೆಯ ಕಷ್ಟಗಳನ್ನು ವಿಚಾರಿಸುವವಳಾದಳು. 1948ರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದ್ಯನು ಲಂಡನಿನಲ್ಲಿ ಕ್ಯಾನ್ಸರ್ ರೋಗದಿಂದ ಸಾಯುತ್ತಿರಲು, ಆಕೆಯು ಆತನ ಬಳಿಯಲ್ಲಿ ಕೂತು ಸಂತೈಸಿದಳು. ಇಂಥವರಿಗಾಗಿ ಆಕೆಯು ಕಟ್ಟುವ ಮನೆಗೆ ಒಂದು ಕಿಟಕಿಯಾಗಲೆಂದು ಆತನು 500 ಪೌಂಡುಗಳನ್ನು ಬಿಟ್ಟು ತೀರಿಕೊಂಡನು.

ಕನಿಕರವೊಂದೇ ಸಾಲದೆಂದು ತಿಳಿದು ಆಕೆಯು ವೈದ್ಯಶಾಸ್ತ್ರವನ್ನು ಓದಿ, 1957ರಲ್ಲಿ ವೈದ್ಯಳಾದಳು. ನೋವು ಹೆಚ್ಚಿ ರೋಗಿಯು ಬೇಡುವ ತನಕ ಕಾಯದೆ, ಮಾರ್ಫಿನನ್ನು ತಕ್ಕ ಪ್ರಮಾಣದಲ್ಲಿ ಗೊತ್ತಾದ ಹೊತ್ತಿಗೆ ಕೊಟ್ಟರೆ ನೋವು ಅಡಗುವದು, ಬುದ್ಧಿಯೂ ಮಂಕಾಗದೆಂದು ಕಂಡಳು. ನೋವು ದೇಹದ್ದು ಮಾತ್ರವಲ್ಲ, ಮನಸ್ಸು, ಸಂಸಾರ, ಆತ್ಮ ಇವುಗಳದ್ದೂ ಆಗಿದೆ ಎಂದು ಬೋಧಿಸಿದಳು. 1967ರಲ್ಲಿ ಲಂಡನಿನಲ್ಲಿ ಸಂತ ಕ್ರಿಸ್ಟೋಫರನ ಹೆಸರಿನ ಹಾಸ್ಪಿಸನ್ನು ತೆರೆದಳು. ಅದು ಮರಣೋನ್ಮುಖರಿಗೆ ಆಶ್ರಯವೂ ಕಲಿಯುವವರಿಗೆ ಪಾಠಶಾಲೆಯೂ ಆಯಿತು. ಅನೇಕ ದೇಶಗಳ ವೈದ್ಯರೂ ದಾದಿಯರೂ ಅಲ್ಲಿ ಈ ಶುಶ್ರೂಷೆಯನ್ನು ಕಲಿತರು. 2005ರಲ್ಲಿ ಆಕೆಯು ಅದೇ ಮನೆಯಲ್ಲಿ ನಿದ್ರೆಹೋದಳು.

ಪ್ರಿಯ ವಾಚಕರೇ, ವಾಸಿಯಾಗದ ರೋಗಿಗೆ ಮಾಡತಕ್ಕದ್ದು ಏನೂ ಇಲ್ಲವೆಂದು ಹೇಳಬೇಡಿರಿ. ರೋಗವು ಹೋಗದಿದ್ದರೂ ನೋವನ್ನು ತಗ್ಗಿಸಬಹುದು. ಹಾಸಿಗೆಯ ಬಳಿಯಲ್ಲಿ ಕೂತುಕೊಳ್ಳಬಹುದು.