ಕಬ್ಬಿಣದ ನೇಗಿಲ ಲಕ್ಷ್ಮಣರಾಯರು

ಭೀಮಾ ನದಿಯ ದಕ್ಷಿಣಕ್ಕೆ, ಕೃಷ್ಣೆಯ ಉತ್ತರಕ್ಕೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳಗಳ ನೆಲ ಹಬ್ಬಿದೆ. ನಡುವೆ ಹರಿಯುವ ಡೋಣಿಯ ದಂಡೆಗಳಲ್ಲಿ ಆಳವಾದ ಎರೆಮಣ್ಣು. ಬಿಳಿಜೋಳಕ್ಕೆ ಹೆಸರಾದ ಸೀಮೆ. ನೂರು ವರ್ಷಗಳ ಹಿಂದೆ ಇಲ್ಲಿಯ ರೈತನು ತನ್ನ ಹೊಲವನ್ನು ವರುಷ ವರುಷವೂ ಆಳವಾಗಿ ಉಳುತ್ತಿರಲಿಲ್ಲ. ಕುಂಟೆ ಹೊಡೆದು ಮೇಲ್ಮಣ್ಣನ್ನು ಹದಮಾಡಿ, ಕೂರಿಗೆಯಿಂದ ಬಿತ್ತುವುದು ವಾಡಿಕೆಯಾಗಿದ್ದಿತು. ಕರಿಕೆಯ ಬೇರು ಕೆಳಕ್ಕಿಳಿದು ಹೊಲವನ್ನೇ ನುಂಗತೊಡಗಿದಾಗ ಮಾತ್ರ ಮರದ ದೊಡ್ಡ ನೇಗಿಲನ್ನು ಹಲವು ಜೋಡಿ ಎತ್ತುಗಳಿಗೆ ಹೂಡಬೇಕಾಗುತ್ತಿತ್ತು. ಆ ಶ್ರಮ ಎಲ್ಲರ ಕೈಗೂ ಎಟುಕುವಂತಹುದಲ್ಲ. ಇಂತಹ ನೆಲವಿರುವ ನಾಡಿನಲ್ಲಿ, ಮಣ್ಣನ್ನು ಮಗುಚಿ ಹಾಕುವ ಕಬ್ಬಿಣದ ನೇಗಿಲನ್ನು ನಮ್ಮವರ ಕೈಯಿಂದಲೇ ಮಾಡಿಸಿ, ಅದನ್ನು ರೈತನು ನಂಬುವಂತೆ ಮಾಡಿದವರು ಲಕ್ಷ್ಮಣರಾವ ಕಿರ್ಲೋಸ್ಕರರು. ಮಾಡಿಸುವುದಕ್ಕಿಂತ ನಂಬಿಸುವುದೇ ಅವರಿಗೆ ಕಷ್ಟವಾಯಿತು.

ಲಕ್ಷ್ಮಣರಾಯರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಶಾಲೆಯ ಪಾಠಗಳಿಗಿಂತ ಚಿತ್ರ ಬರೆಯುವುದರಲ್ಲಿ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಅವರಿಗೆ ಆಸಕ್ತಿ ಹೆಚ್ಚು. ಅಣ್ಣ ರಾಮಚಂದ್ರರಾಯರ ನೆರವಿನಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳ ಭೇದ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಚಿತ್ರಕಾರನಾಗುವ ಆಸೆಯನ್ನು ಅಲ್ಲಿಗೇ ಬಿಟ್ಟು, ಬಣ್ಣದ ಹಂಗಿಲ್ಲದ ಯಂತ್ರರೇಖನವನ್ನು ಕಲಿತರು. ಆ ವಿದ್ಯೆಯೇ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯ ವೃತ್ತಿಯನ್ನು ಒದಗಿಸಿತು. ಬಿಡುವಿನ ವೇಳೆಯಲ್ಲಿ ಅವರು ಅಲ್ಲಿಯ ಕಾರ್ಯಾಗಾರದಲ್ಲಿ ನಿಂತು ಯಂತ್ರಗಳ ಗುಟ್ಟನ್ನು ಅರಿತುಕೊಂಡರು.

ಈ ನಡುವೆ 1888ರಲ್ಲಿ ಬೆಳಗಾವಿಯಲ್ಲಿ ಸಹೋದರರ ಸೈಕಲ್ ವ್ಯಾಪಾರ ಆರಂಭವಾಯಿತು. ತಮ್ಮನು ಮುಂಬಯಿಯಿಂದ ಸೈಕಲ್ಲು ಕೊಂಡು ಕಳುಹಿಸುವುದು, ಅಣ್ಣನು ಬೆಳಗಾವಿಯಲ್ಲಿ ಮಾರುವುದು ಎಂದು ಗೊತ್ತಾಯಿತು. ಸೈಕಲ್ಲನ್ನು ಕಂಡರಿಯದ ಊರಿನಲ್ಲಿ ಅದನ್ನು ಮಾರುವುದು ಹೇಗೆ? ಅಣ್ಣನು ಅದನ್ನು ಏರಿ ನಡೆಸುವುದನ್ನೂ ಕಲಿಸಿದನು. ಆ ಪಾಠಕ್ಕೆ ಹದಿನೈದು ರೂಪಾಯಿ ಶುಲ್ಕ. ಸರಕನ್ನು ಮಾರುವವನು ಅದರ ಬಳಕೆಯನ್ನೂ ಕಲಿಸಿಕೊಡಬೇಕೆಂಬ ತಿಳಿವಳಿಕೆ ಸಹೋದರರಿಗೆ ಅಂದೇ ಬಂದಿತ್ತು. ಮುಂದೆ ಮುಂಬಯಿಯ ಸಂಸ್ಥೆಯಲ್ಲಿ ತಮಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾದಾಗ, ಲಕ್ಷ್ಮಣರಾಯರು ಕೆಲಸವನ್ನು ತೊರೆದು ಬೆಳಗಾವಿಗೆ ಹಿಂದಿರುಗಿದರು.

ಪರದೇಶದ ಸರಕನ್ನು ತರಿಸಿ ಮಾರುವುದರಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಅದನ್ನೇ ಸಣ್ಣಗೆ ಕತ್ತರಿಸಿ ಹಾಕಿದರೆ ಮೇವು ಉಳಿಯುತ್ತದೆ. ಹೀಗೆ ಯೋಚಿಸಿ ಅವರು ಮೊದಲು ತಯಾರಿಸಿದ್ದು ಕಣಿಕೆ ಕತ್ತರಿಸುವ ಯಂತ್ರ. ಅನಂತರ 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಸಿದ್ಧವಾಯಿತು.

ನೇಗಿಲು ಸಿದ್ಧವಾಯಿತು, ಕೊಳ್ಳುವವರು ಮಾತ್ರ ಇರಲಿಲ್ಲ. ಕಬ್ಬಿಣ ಸೋಕಿದರೆ ಭೂಮಿ ವಿಷವಾಗುತ್ತದೆ, ಬೆಳೆ ಬಾರದು ಎಂಬ ಭಯ ರೈತರಲ್ಲಿ ಬಲವಾಗಿತ್ತು. ಸುಮಾರು ಎರಡು ವರ್ಷಗಳ ಕಾಲ ನೇಗಿಲುಗಳು ಕಾರ್ಖಾನೆಯಲ್ಲಿಯೇ ಉಳಿದವು. ಹೂಡಿದ ಹಣ ಕಬ್ಬಿಣವಾಗಿ ಕುಳಿತಿತು. ಈ ರೈತರನ್ನು ಮೂಢರೆಂದು ಹಳಿಯುವುದು ಸುಲಭ. ಆದರೆ ಒಂದು ಬೆಳೆ ಹೋದರೆ ಮನೆಯ ಕಣಜವೇ ಬರಿದಾಗುವವನು ಹೊಸದನ್ನು ಕಂಡು ಹಿಂಜರಿಯುವುದು ಅಸಹಜವಲ್ಲ. ಅವನ ಸಂಶಯ ಕಳೆಯಬೇಕಾದರೆ ಉತ್ತು ಬೆಳೆದ ಹೊಲವೊಂದು ಕಣ್ಣೆದುರಿಗಿರಬೇಕಾಗಿತ್ತು. ಕೆಲವರು ಧೈರ್ಯಮಾಡಿ ಉತ್ತರು, ಬೆಳೆ ಕೆಡಲಿಲ್ಲ. ಅದನ್ನು ಕಂಡ ಮೇಲೆ ನೆರೆಯವರು ವಿಚಾರಿಸತೊಡಗಿದರು.

ಆಗ ಎದುರಾದ ಪ್ರಶ್ನೆ ಗುಣಮಟ್ಟದ್ದು. ಇಂಗ್ಲೆಂಡಿನಿಂದ ಬರುತ್ತಿದ್ದ ನೇಗಿಲುಗಳು ಸ್ಪರ್ಧೆಗೆ ನಿಂತಿದ್ದವು. ನೇಗಿಲಿನ ಜೀವವಿರುವುದು ಅದರ ಕುಳದಲ್ಲಿ. ಎರಕದ ಕಬ್ಬಿಣ ಮೆದುವಾದರೆ ಕುಳ ಬೇಗನೆ ಸವೆದುಹೋಗುತ್ತದೆ. ಪೆಡಸಾದರೆ ಕಲ್ಲು ತಗಲಿದೊಡನೆ ಮುರಿಯುತ್ತದೆ. ಎರಕದ ಮನೆಯಲ್ಲಿ ಈ ಹದವನ್ನು ಸಾಧಿಸದೆ, ಅಂಗಡಿಯ ಮುಂದೆ ಎಷ್ಟು ದೊಡ್ಡ ಫಲಕ ತೂಗುಹಾಕಿದರೂ ವ್ಯರ್ಥ. ಇನ್ನು, ಸವೆದ ಕುಳದ ಬದಲಿಗೆ ಮತ್ತೊಂದು ಸಮಯಕ್ಕೆ ಸಿಗದಿದ್ದರೆ ಉತ್ತಮ ನೇಗಿಲೂ ಹಗೇವಿನ ಪಕ್ಕದಲ್ಲಿ ಬೀಳುವ ಹಳೆಯ ಕಬ್ಬಿಣವೇ. ಹೋಟಗಿಯಿಂದ ಗದಗಿಗೆ ಹೋಗುವ ರೈಲುಮಾರ್ಗ ಇಂಡಿ, ಬಾಗೇವಾಡಿಗಳ ಸೀಮೆಯನ್ನು ಹಾಯ್ದು ಹೋಗಿದ್ದರೂ, ಸಿಂದಗಿ ಮುದ್ದೇಬಿಹಾಳಗಳ ಹಳ್ಳಿಗಳಿಗೆ ಸರಕು ಎತ್ತಿನ ಬಂಡಿಯಲ್ಲಿಯೇ ಸಾಗಬೇಕಾಗಿದ್ದ ಕಾಲವದು.

ವ್ಯಾಪಾರ ಕುದುರುತ್ತಿರುವಾಗಲೇ ದೊಡ್ಡ ಆಘಾತ ಬಂದಿತು. ಹೊಸ ಬಡಾವಣೆಗೆ ಸ್ಥಳ ಬೇಕೆಂದು ಬೆಳಗಾವಿಯ ಪುರಸಭೆಯು ಕಾರ್ಖಾನೆಯನ್ನು ತೆರವು ಮಾಡಲು ಆಜ್ಞಾಪಿಸಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ 10,000 ರೂಪಾಯಿಗಳ ಸಾಲವನ್ನೂ ಅವರು ಕೊಟ್ಟರು. ಪಾಪಾಸುಕಳ್ಳಿ ಬೆಳೆದು, ಹಾವುಗಳಿಂದ ತುಂಬಿದ್ದ ಬೀಳು ಭೂಮಿ ಅದು. 1910ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಶಂಭುರಾವ ಜಾಂಭೇಕರ, ಮಂಗೇಶರಾವ ರೇಗೆ ಮೊದಲಾದ ಸಹಚರರು ಆ ಕಾಡಿನಲ್ಲಿ ಅವರೊಡನೆ ನಿಂತರು. ಶಿಕ್ಷೆ ಅನುಭವಿಸಿ ಬಂದವರನ್ನು ಅವರು ರಾತ್ರಿಯ ಕಾವಲಿಗೆ ನೇಮಿಸಿದರು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಎಡೆಗೊಡಲಿಲ್ಲ.

ನೇಗಿಲು ನೆಲೆಗೊಂಡ ಮೇಲೆ ಸರಕುಗಳ ಸಂಖ್ಯೆ ಬೆಳೆಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು, ಮುಂದೆ ನೀರೆತ್ತುವ ದೊಡ್ಡ ಪಂಪು ಮತ್ತು ಡೀಸೆಲ್ ಎಂಜಿನ್ನು ಒಂದಾದ ಮೇಲೊಂದು ಬಂದವು. ಈ ಕ್ರಮದಲ್ಲಿ ಒಂದು ವಿವೇಕ ಕಾಣುತ್ತದೆ. ಉಳುಮೆ, ಮೇವು, ಒಕ್ಕಣೆ, ಆಲೆಮನೆ, ನೀರಾವರಿ ಹೀಗೆ ರೈತನ ವರ್ಷದ ಕೆಲಸಗಳನ್ನೇ ಹಿಂಬಾಲಿಸಿ ಕಾರ್ಖಾನೆಯ ಪಟ್ಟಿ ಹಿಗ್ಗಿತು. ನೇಗಿಲನ್ನು ಕೊಂಡು ಸುಖಪಟ್ಟವನೇ ಗಾಣಕ್ಕೂ ಪಂಪಿಗೂ ಗಿರಾಕಿಯಾಗುತ್ತಿದ್ದನು.

ಅದೇ ಕಾಲದಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಬೇರೆ ದಾರಿಯನ್ನು ಹಿಡಿದಿದ್ದನು. 1908ರಲ್ಲಿ ಹೊರಬಂದ ಒಂದೇ ಮಾದರಿಯ ಮೋಟಾರುಗಾಡಿಯನ್ನು ಸುಮಾರು ಹತ್ತೊಂಬತ್ತು ವರ್ಷ ತಯಾರಿಸುತ್ತ, ಅದರ ಬೆಲೆಯನ್ನು ಇಳಿಸುತ್ತ ಹೋದನು. ಎದುರಾಳಿಯಾದ ಜನರಲ್ ಮೋಟಾರ್ಸ್ ಬಗೆಬಗೆಯ ಬೆಲೆಗೆ ಬಗೆಬಗೆಯ ಗಾಡಿಗಳನ್ನು ತಂದಾಗ ಫೋರ್ಡನು 1927ರಲ್ಲಿ ತನ್ನ ಮೆಚ್ಚಿನ ಮಾದರಿಯನ್ನು ನಿಲ್ಲಿಸಬೇಕಾಯಿತು. ಕಿರ್ಲೋಸ್ಕರವಾಡಿಯ ಕಾರ್ಖಾನೆ ಅದಕ್ಕೆ ಹೋಲಿಸಿದರೆ ಅತಿ ಚಿಕ್ಕದು. ಆದರೂ ಒಂದೇ ಸರಕಿಗೆ ಜೋತುಬೀಳುವ ಅಪಾಯ ಅದಕ್ಕೆ ಬರಲಿಲ್ಲ.

ಪ್ರಚಾರದ ಹೊಣೆಯನ್ನು ಹೊತ್ತವರು ಸೋದರನ ಮಗನಾದ ಶಂಕರರಾಯರು. ಚಿತ್ರಕಲೆ, ಬರವಣಿಗೆಗಳೆರಡರಲ್ಲಿಯೂ ಅವರು ನುರಿತವರು. 1920ರಲ್ಲಿ ಅವರು ಕಿರ್ಲೋಸ್ಕರ ಖಬರ್ ಎಂಬ ಮರಾಠಿ ಪತ್ರಿಕೆಯನ್ನು ಹೊರಡಿಸಿದರು. ಕಾರ್ಖಾನೆಯ ಸರಕುಗಳ ಸುದ್ದಿಗಾಗಿ ಹುಟ್ಟಿದ ಪತ್ರಿಕೆ ಕ್ರಮೇಣ ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಾಯಿತು. ಅದೇ ವರ್ಷ ಕಿರ್ಲೋಸ್ಕರ ಬ್ರದರ್ಸ್ ಸೀಮಿತ ಸಂಸ್ಥೆಯಾಗಿ ನೋಂದಣಿಗೊಂಡಿತು. ನೇಗಿಲು ಕೈಗೆ ಬಂದು ಹದಿನೈದು ವರ್ಷಗಳು ಕಳೆದ ಮೇಲೆ ಪತ್ರಿಕೆ ಬಂದಿತೆಂಬುದನ್ನು ಗಮನಿಸಬೇಕು. ಅದು ಹೊಗಳಬೇಕಾಗಿದ್ದ ಸರಕು ಆ ವೇಳೆಗಾಗಲೇ ಹೊಲದಲ್ಲಿ ಪರೀಕ್ಷೆಗೊಳಗಾಗಿತ್ತು.

ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ಕಲಿತು ಹಿಂದಿರುಗಿದ ಮೇಲೆ ಉದ್ಯಮ ಮತ್ತಷ್ಟು ಹರಡಿತು. 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆ ಸ್ಥಾಪನೆಗೊಂಡವು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನ ಹೊಂದಿದರು. ಅವರು ಹುಟ್ಟಿದ ಬೆಳಗಾವಿ ಜಿಲ್ಲೆಯೂ ನೆರೆಯ ಬಿಜಾಪುರ ಜಿಲ್ಲೆಯೂ ಕನ್ನಡ ರಾಜ್ಯದೊಡನೆ ಒಂದಾದದ್ದು ಅದಾದ ಐದು ವಾರಗಳಿಗೆ. 1969ರಲ್ಲಿ, ಜನ್ಮಶತಾಬ್ದಿಯ ವರ್ಷ, ಭಾರತದ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 1997ರಲ್ಲಿ ಅವರ ಮರಿಮಗ ವಿಕ್ರಮ ಕಿರ್ಲೋಸ್ಕರರು ಜಪಾನಿನ ಟೊಯೋಟಾ ಸಂಸ್ಥೆಯೊಡನೆ ಸೇರಿ ಬಿಡದಿಯಲ್ಲಿ ಮೋಟಾರುಗಾಡಿಗಳ ಕಾರ್ಖಾನೆಗೆ ಬುನಾದಿ ಹಾಕಿದರು. ಆ ಟೊಯೋಟಾ ಮನೆತನದವರೂ ಮೋಟಾರಿಗೆ ಕೈಹಾಕುವ ಮುನ್ನ ನೇಕಾರರಿಗಾಗಿ ಮಗ್ಗಗಳನ್ನು ಮಾಡುತ್ತಿದ್ದವರು.