ಆಕಾಶಕ್ಕೆ ಬೀಸಿದ ಬಲೆ

ಮಕ್ಕಳೇ, ರಜೆಗೆ ಊರಿಗೆ ಹೋದಾಗ ಮಲ್ಪೆಯ ಕಡೆ ಬಲೆ ರಿಪೇರಿ ಮಾಡುವವರನ್ನು ನೋಡಿದ್ದೀರಾ? ಕಾಲು ಚಾಚಿ ಕೂತು, ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಹಿಡಿದಿರುತ್ತಾರೆ. ಕೈಯಲ್ಲಿ ನೂಲು ಸುತ್ತಿದ ಚಪ್ಪಟೆ ಕಡ್ಡಿ. ಅದು ಒಳಗೆ ಹೋಯಿತು, ಸುತ್ತಿತು, ಹೊರಗೆ ಬಂತು ಅನ್ನುವಷ್ಟರಲ್ಲಿ ಗಂಟು ಬಿದ್ದಾಗಿರುತ್ತದೆ. ಬಲೆಯ ಒಂದೊಂದು ತೂತಿಗೂ ಕಣ್ಣು ಅಂತಲೇ ಹೆಸರು. ಚಿಕ್ಕಂದಿನಲ್ಲಿ ನಾನು ಊಟ ಮರೆತು ಇದನ್ನು ನೋಡುತ್ತ ನಿಂತದ್ದುಂಟು. ಆದರೆ ಬಲೆಯಿಂದ ಶಿಲ್ಪ ಮಾಡಬಹುದು ಅಂತ ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಹೊಳೆದದ್ದು ಜಾನೆಟ್ ಎಕೆಲ್‌ಮನ್ ಎಂಬ ಅಮೆರಿಕದ ಕಲಾವಿದೆಗೆ, ಅದೂ ನಮ್ಮ ದೇಶದಲ್ಲೇ. 1997ರಲ್ಲಿ ಅವರು ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಚಿತ್ರ ಬರೆಯಲು ಭಾರತಕ್ಕೆ ಬಂದರು. ತಮಿಳುನಾಡಿನ ಮಹಾಬಲಿಪುರಕ್ಕೆ ಹೋಗಿ ಕೂತರು. ಪ್ರದರ್ಶನದ ದಿನ ಹತ್ತಿರ ಬಂತು, ಕಳಿಸಿದ್ದ ಬಣ್ಣಗಳು ಮಾತ್ರ ಬರಲೇ ಇಲ್ಲ! ಆ ಊರು ಶಿಲ್ಪಿಗಳ ಊರು. ಅವರ ಜೊತೆ ಸೇರಿ ಕಂಚಿನಲ್ಲಿ ಎರಕ ಹೊಯ್ದು ನೋಡಿದರು. ಕಂಚು ಭಾರ, ಖರ್ಚೂ ವಿಪರೀತ. ಒಂದು ಸಂಜೆ ಕಡಲ ದಂಡೆಯಲ್ಲಿ ನಡೆಯುವಾಗ ಮೀನುಗಾರರು ಬಲೆಗಳನ್ನು ರಾಶಿ ಹಾಕುತ್ತಿದ್ದರು. ದಿನಾ ಕಾಣುತ್ತಿದ್ದ ದೃಶ್ಯವೇ. ಆವತ್ತು ಅವರಿಗೆ ಕಂಡದ್ದು ಬೇರೆ: ಇಷ್ಟು ದೊಡ್ಡ ಆಕಾರ, ಆದರೆ ಭಾರವೇ ಇಲ್ಲ. ಆ ಮೀನುಗಾರರ ಜೊತೆಗೇ ಕೂತು ಮೊದಲ ಬಲೆಶಿಲ್ಪ ಮಾಡಿದರು. ಅದನ್ನು ಎತ್ತಿ ಕಟ್ಟಿದರೆ, ಗಾಳಿ ಬಂದ ಹಾಗೆಲ್ಲ ಅದರ ರೂಪ ಬದಲಾಗುತ್ತಿತ್ತು.

ಅಂಥದ್ದನ್ನೇ ಒಂದು ಊರಿನ ನಡುವೆ ಕಟ್ಟಬೇಕೆಂದರೆ? ಪೋರ್ಚುಗಲ್‌ನ ಪೋರ್ಟೊ ಕಡಲತೀರದಲ್ಲಿ ಆ ಅವಕಾಶ ಬಂದಾಗ ಕಷ್ಟ ಶುರುವಾಯಿತು. ಬಿಸಿಲಿಗೆ, ಉಪ್ಪುಗಾಳಿಗೆ ಜೀರ್ಣವಾಗದ, ಆದರೂ ಮೆತ್ತಗೆ ಬಳುಕುವ ನೂಲನ್ನು ಹುಡುಕುವುದಕ್ಕೇ ಎರಡು ವರ್ಷ ಹಿಡಿಯಿತು. ಕೈಯಿಂದ ಹಾಕಿದ ಗಂಟು ಬಿರುಗಾಳಿಗೆ ನಿಲ್ಲುವುದಿಲ್ಲವೆಂದು ಮೀನುಬಲೆ ಮಾಡುವ ಕಾರ್ಖಾನೆಗೆ ಹೋಗಿ, ಅಲ್ಲಿನ ಯಂತ್ರಗಳ ಸ್ವಭಾವ ಕಲಿತರು. ಇಷ್ಟಾದರೂ, ಗಾಳಿ ತೂರಿಹೋಗುವ, ಸದಾ ಅಲ್ಲಾಡುವ ವಸ್ತುವಿನ ಲೆಕ್ಕ ಹಾಕಲು ಆಗ ಸಾಫ್ಟ್‌ವೇರೇ ಇರಲಿಲ್ಲ. ಪಂದ್ಯದ ಹಾಯಿದೋಣಿಗಳಿಗೆ ಹಾಯಿ ವಿನ್ಯಾಸ ಮಾಡುವ ಎಂಜಿನಿಯರ್ ಪೀಟರ್ ಹೆಪ್ಪೆಲ್ ನೆರವಿಗೆ ಬಂದರು. 2005ರಲ್ಲಿ 20 ಟನ್ನಿನ ಉಕ್ಕಿನ ಬಳೆಯಿಂದ ಇಳಿಬಿದ್ದ ಬಲೆ ರಸ್ತೆಯ ವೃತ್ತದ ಮೇಲೆ ತೂಗತೊಡಗಿತು.

ನನಗೆ ಇನ್ನೂ ಇಷ್ಟ 2010ರಲ್ಲಿ ಡೆನ್ವರ್ ನಗರಕ್ಕೆ ಮಾಡಿದ ಶಿಲ್ಪ. ಇಲ್ಲಿ ಉಕ್ಕಿನ ಬಳೆಯೂ ಇಲ್ಲ. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ 15 ಪಟ್ಟು ಗಟ್ಟಿಯಾದ ನಾರಿನಿಂದ ಇಡೀ ಶಿಲ್ಪವನ್ನು ಮೊದಲೇ ಇದ್ದ ಕಟ್ಟಡಗಳಿಗೆ ಕಟ್ಟಿದರು. ಅದರ ಹೆಸರು '1.26'. ಆ ವರ್ಷ ಚಿಲಿ ದೇಶದಲ್ಲಿ ಭಾರೀ ಭೂಕಂಪವಾಗಿ, ಭೂಮಿಯ ದಿನವೇ 1.26 ಮೈಕ್ರೋಸೆಕೆಂಡು ಚಿಕ್ಕದಾಯಿತೆಂದು ನಾಸಾ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದೂಕಾಲು ಪಾಲು ಅಂದುಕೊಳ್ಳಿ. ಆಗ ಎದ್ದ ಸುನಾಮಿಯ ಅಂಕಿ-ಅಂಶಗಳಿಂದಲೇ ಶಿಲ್ಪದ ಆಕಾರ ಮೂಡಿತು.

ಈಗ ಅವರ ತಂಡದ ಹತ್ತಿರ ತಮಗಾಗಿಯೇ ಆಟೋಡೆಸ್ಕ್ ಎಂಬ ಸಾಫ್ಟ್‌ವೇರ್ ಕಂಪನಿಯ ಜೊತೆ ಸೇರಿ ಮಾಡಿಸಿಕೊಂಡ ಸಾಫ್ಟ್‌ವೇರ್ ಇದೆ. ಬಲೆ ಎಲ್ಲಿ ಜೋತುಬೀಳುತ್ತದೆ, ಗಾಳಿ ಬೀಸಿದರೆ ಎತ್ತ ವಾಲುತ್ತದೆ ಎಂಬುದು ನೂಲು ಮುಟ್ಟುವ ಮೊದಲೇ ಪರದೆಯ ಮೇಲೆ ಕಾಣುತ್ತದೆ. ಹಗ್ಗ ಕಟ್ಟಡವನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂಬ ಲೆಕ್ಕ ಎಂಜಿನಿಯರುಗಳದ್ದು. ಬಲೆ ಹೆಣೆಯುವುದು ಯಂತ್ರ. ಆದರೆ ಹಗ್ಗಕ್ಕೆ ಹಗ್ಗ ಬೆಸೆಯುವ ಕೆಲಸಕ್ಕೆ ಇವತ್ತಿಗೂ ಮನುಷ್ಯರ ಬೆರಳುಗಳೇ ಬೇಕು. 2015ರಲ್ಲಿ ಬಾಸ್ಟನ್ ನಗರದ ಮೇಲೆ ತೂಗಿದ ಶಿಲ್ಪದಲ್ಲಿ ಸುಮಾರು ಐದು ಲಕ್ಷ ಗಂಟುಗಳಿದ್ದವು.

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ ಅವರ ಬಲೆಗಳು ಚಾವಣಿಯ ದುಂಡು ಕಿಂಡಿಗಳಿಂದ ಇಳಿಬಿದ್ದಿವೆ. ಆ ದಾರಿಯಲ್ಲಿ ಹೋಗುವವರು ಒಂದು ಗಳಿಗೆ ಬ್ಯಾಗು ಕೆಳಗಿಟ್ಟು ತಲೆ ಎತ್ತಿ ನೋಡಿ. ಮುಂದಿನ ಸಲ ಮಲ್ಪೆಗೆ ಹೋದಾಗ ಬಲೆ ಹೊಲಿಯುವ ಅಜ್ಜನ ಪಕ್ಕದಲ್ಲಿ ಕೂತು, ಆ ಗಂಟು ಹಾಕುವುದು ಹೇಗೆ ಅಂತ ತೋರಿಸಿಕೊಡಿ ಅನ್ನಿ.